ಅಲ್ಲಿ ಓದಿದ್ದು ಇಲ್ಲಿ ಲೆಕ್ಕಕ್ಕೆ ಬರುತ್ತಾ?

1958ರ ಮಾತು. ಸೋಫಿಯಾ ಕೊರ್ರಾದಿ ಎನ್ನುವ ಇಟಲಿಯ ಯುವತಿ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಒಂದು ವರ್ಷ ಕಾನೂನು ಓದಿ, ಮಾಸ್ಟರ್ಸ್ ಪದವಿ ಹಿಡಿದುಕೊಂಡು ರೋಮ್‌ಗೆ ವಾಪಸ್ ಬಂದರು. ಹೋಗಿದ್ದು ಫುಲ್‌ಬ್ರೈಟ್ ವಿದ್ಯಾರ್ಥಿವೇತನದ ಮೇಲೆ. ಊರಿನಲ್ಲಿ ಅವರ ಕಾನೂನು ಪದವಿ ಇನ್ನೂ ಮುಗಿದಿರಲಿಲ್ಲ. ಅಲ್ಲಿ ಬರೆದ ಪರೀಕ್ಷೆಗಳನ್ನು ಇಲ್ಲಿ ಲೆಕ್ಕಕ್ಕೆ ಹಿಡಿಯಿರಿ ಎಂದು ತಮ್ಮ ವಿಶ್ವವಿದ್ಯಾಲಯದ ಕಚೇರಿಗೆ ಹೋಗಿ ಕೇಳಿದರು. ಆಗಲ್ಲ ಅಂದರು. ಬರೀ ಆಗಲ್ಲ ಅಂದಿದ್ದರೆ ಹೋಗಲಿ ಬಿಡಿ ಅನ್ನಬಹುದಿತ್ತು. ಎಲ್ಲರ ಎದುರು ಗದರಿ, ಗೇಲಿ ಮಾಡಿ ಕಳಿಸಿದರು.

ಆ ಅವಮಾನವನ್ನು ಅವರು ಮರೆಯಲಿಲ್ಲ. 1969ರಿಂದ ಹಿಡಿದು ಸುಮಾರು 18 ವರ್ಷ, ಇಟಲಿಯ ಕುಲಪತಿಗಳ ಸಂಘಕ್ಕೆ ಸಲಹೆಗಾರ್ತಿಯಾಗಿ ಇದೊಂದೇ ವಿಷಯದ ಬೆನ್ನು ಹತ್ತಿದರು. 1987ರಲ್ಲಿ ಯುರೋಪಿನ 11 ದೇಶಗಳು ಸೇರಿ 'ಎರಾಸ್ಮಸ್' ಎನ್ನುವ ವಿದ್ಯಾರ್ಥಿ ವಿನಿಮಯ ಯೋಜನೆ ಶುರು ಮಾಡಿದವು. ಮೊದಲ ವರ್ಷ ಹೋದವರು 3,244 ಜನ. ಈಗ ಒಟ್ಟು ಲೆಕ್ಕ, ಶಿಕ್ಷಕರು, ತರಬೇತಿಗೆ ಹೋದವರು ಎಲ್ಲ ಸೇರಿ, ಒಂದೂವರೆ ಕೋಟಿ ದಾಟಿದೆ. ಕೊರ್ರಾದಿ ಅವರಿಗೆ 'ಮಮ್ಮಾ ಎರಾಸ್ಮಸ್' ಎನ್ನುವ ಹೆಸರೇ ಬಿತ್ತು.

ನಮ್ಮಲ್ಲಿ ಅಂತಾರಾಷ್ಟ್ರೀಯ ಶಿಕ್ಷಣ ಅಂದ ಕೂಡಲೇ ಕಣ್ಣಿಗೆ ಬರುವುದು ಏರ್‌ಪೋರ್ಟ್. ಇಲ್ಲಾಂದರೆ ಕಾಲೇಜು ಹಂಚಿಕೊಳ್ಳುವ ಆ ಫೋಟೊ: ಮೈಸೂರು ಪೇಟ ತೊಟ್ಟ ವಿದೇಶಿ ಪ್ರೊಫೆಸರ್, ಪಕ್ಕದಲ್ಲಿ ಪ್ರಿನ್ಸಿಪಾಲ್, ಇಬ್ಬರ ಕೈಯಲ್ಲೂ ಸಹಿ ಹಾಕಿದ ಫೈಲು. ಫೋಟೊ ತೆಗೆದ ಮೇಲೆ ಆ ಫೈಲಿನಿಂದ ಎಷ್ಟು ವಿದ್ಯಾರ್ಥಿಗಳು ಎಲ್ಲಿಗೆ ಹೋದರು ಅಂತ ಕೇಳಿ ನೋಡಿ. ಬಹಳ ಕಡೆ ಉತ್ತರ ಸಿಗಲ್ಲ. ಯಾಕೆಂದರೆ ಕೆಲಸ ಆಗುವುದು ಆ ವೇದಿಕೆಯ ಮೇಲೆ ಅಲ್ಲ. ಕೊರ್ರಾದಿ ನಿಂತಿದ್ದರಲ್ಲ, ಆ ಕೌಂಟರ್‌ನಲ್ಲಿ. ಅಲ್ಲಿ ಓದಿದ್ದನ್ನು ಇಲ್ಲಿನ ಮಾರ್ಕ್ಸ್ ಕಾರ್ಡಿನಲ್ಲಿ ಹೇಗೆ ಬರೆಯುವುದು ಅನ್ನುವ ಕಡು ಬೇಸರದ ಗುಮಾಸ್ತಗಿರಿ ಇದೆಯಲ್ಲ, ಅದು ಸರಿಯಾದರೆ ಉಳಿದದ್ದು ತಾನಾಗಿ ನಡೆಯುತ್ತದೆ.

ಒಂದೊಂದು ಸಂತೆಗೆ ಒಂದೊಂದು ಸೇರು

ಕೇಜಿ ಬರುವ ಮೊದಲು ನಮ್ಮಲ್ಲಿ ಸೇರು, ಪಾವು ಇತ್ತಲ್ಲ. ಈ ಸಂತೆಯ ಸೇರಿಗೂ ಆ ಸಂತೆಯ ಸೇರಿಗೂ ತಾಳೆ ಬೀಳುತ್ತಿರಲಿಲ್ಲ. ಓದಿನ ಅಳತೆಯೂ ಹಾಗೇ ಇತ್ತು, ಈಗಲೂ ಪೂರ್ತಿ ಬದಲಾಗಿಲ್ಲ. ಒಂದು ಕಡೆ 'ಒಂದು ಪೇಪರ್' ಅಂದರೆ ವಾರಕ್ಕೆ ನಾಲ್ಕು ಕ್ಲಾಸು, ಕೊನೆಗೆ ಮೂರು ಗಂಟೆಯ ಪರೀಕ್ಷೆ. ಇನ್ನೊಂದು ಕಡೆ ವಾರಕ್ಕೆ ಒಂದೇ ಕ್ಲಾಸು, ಆದರೆ ಮನೆಯಲ್ಲಿ ಕೂತು ಓದಿ ಬರೆಯುವುದು ರಾಶಿ. ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ಹೇಗೆ?

ಯುರೋಪ್ ಕಂಡುಕೊಂಡ ದಾರಿ ಕ್ರೆಡಿಟ್ ವರ್ಗಾವಣೆ ಪದ್ಧತಿ. ಇಸಿಟಿಎಸ್ ಅಂತ ಕರೆಯುತ್ತಾರೆ. 1989ರಲ್ಲಿ ಪ್ರಯೋಗವಾಗಿ ಶುರುವಾಯಿತು. ಇದರ ಜಾಣತನ ಇರುವುದು ಒಂದು ಸಣ್ಣ ತಿರುವಿನಲ್ಲಿ. ಮೇಷ್ಟ್ರು ಎಷ್ಟು ಗಂಟೆ ಪಾಠ ಮಾಡಿದರು ಅನ್ನುವುದನ್ನು ಅದು ಅಳೆಯುವುದಿಲ್ಲ. ವಿದ್ಯಾರ್ಥಿ ಎಷ್ಟು ಗಂಟೆ ದುಡಿದ ಅನ್ನುವುದನ್ನು ಅಳೆಯುತ್ತದೆ. ಕ್ಲಾಸಿಗೆ ಹೋಗಿದ್ದು, ಲೈಬ್ರರಿಯಲ್ಲಿ ಕೂತಿದ್ದು, ಲ್ಯಾಬು, ಪರೀಕ್ಷೆಯ ತಯಾರಿ ಎಲ್ಲಾ ಲೆಕ್ಕ. ಒಂದು ಕ್ರೆಡಿಟ್ ಅಂದರೆ 25ರಿಂದ 30 ಗಂಟೆ ದುಡಿಮೆ. ಒಂದು ವರ್ಷದ ಪೂರ್ತಿ ಓದಿಗೆ 60 ಕ್ರೆಡಿಟ್.

ಬೇರೆಯವರ ಸೇರು ನೋಡಿ. ಬ್ರಿಟನ್‌ನಲ್ಲಿ ವರ್ಷಕ್ಕೆ 120 ಕ್ರೆಡಿಟ್, ಒಂದಕ್ಕೆ 10 ಗಂಟೆ. ಅಮೆರಿಕದಲ್ಲಿ ಸಾಮಾನ್ಯವಾಗಿ ವರ್ಷಕ್ಕೆ 30 ಕ್ರೆಡಿಟ್. ಅಲ್ಲಿ ಸೆಮಿಸ್ಟರ್ ಉದ್ದಕ್ಕೂ ವಾರಕ್ಕೆ ಒಂದು ಗಂಟೆ ಕ್ಲಾಸು, ಅದರ ಹಿಂದೆ ಎರಡು ಗಂಟೆ ಸ್ವಂತ ಓದು, ಅದು ಒಂದು ಕ್ರೆಡಿಟ್. ನಮ್ಮ ಹೊಸ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನಲ್ಲಿ ವರ್ಷಕ್ಕೆ 40 ಕ್ರೆಡಿಟ್, ಒಂದಕ್ಕೆ 30 ಗಂಟೆ.

ಇಲ್ಲೊಂದು ತಮಾಷೆ ಇದೆ. ಬ್ರಿಟನ್ನಿನ ಲೆಕ್ಕ ಗುಣಿಸಿದರೆ ವರ್ಷಕ್ಕೆ 1,200 ಗಂಟೆ. ನಮ್ಮದೂ 1,200. ಯುರೋಪಿನದು ಕಡಿಮೆಯೆಂದರೂ 1,500. ಆದರೂ ಬ್ರಿಟನ್ನಿನ 120 ಕ್ರೆಡಿಟ್ ಅನ್ನು ಯುರೋಪಿನ 60ಕ್ಕೆ ಸಮ ಅಂತಲೇ ಹಿಡಿಯುತ್ತಾರೆ. 300 ಗಂಟೆ ಎಲ್ಲಿ ಹೋಯಿತು ಅಂತ ಯಾರೂ ತಕರಾರು ತೆಗೆಯುವುದಿಲ್ಲ. ಅಂದರೆ ಗಂಟೆಯ ಲೆಕ್ಕ ಮೇಲುನೋಟಕ್ಕೆ. ಒಳಗಿರುವ ಒಪ್ಪಂದ ಸರಳ: ನಿಮ್ಮ ಒಂದು ವರ್ಷಕ್ಕೆ ನಮ್ಮ ಒಂದು ವರ್ಷ. ಹಾಗೆ ನೋಡಿದರೆ ನಮ್ಮ 40 ಕ್ರೆಡಿಟ್ ಅವರ 60ಕ್ಕೆ ಸಮ. ನಮ್ಮ ನಾಲ್ಕು ಕ್ರೆಡಿಟ್‌ನ ಪೇಪರ್ ಅವರ ಆರು. ಅಳತೆ ಸರಿಯಾಯಿತು ಅನ್ನುವುದಕ್ಕಿಂತ ನಂಬಿಕೆ ಕುದುರಿತು ಅನ್ನುವುದೇ ಸರಿ.

ಹೋಗುವ ಮೊದಲೇ ಬರೆದು ಕೊಡಿ

ಅಳತೆ ಒಂದಾದರೆ ಸಾಲದು. ನೀವು ಸ್ಪೇನ್‌ಗೆ ಹೋಗಿ ಆರು ತಿಂಗಳು ಓದಿ ಬಂದಿರಿ ಅಂದುಕೊಳ್ಳಿ. ವಾಪಸ್ ಬಂದಾಗ ನಿಮ್ಮ ವಿಭಾಗದ ಮುಖ್ಯಸ್ಥರು "ಇದು ನಮ್ಮ ಸಿಲಬಸ್ ಅಲ್ಲವಲ್ಲ" ಅಂದರೆ? ಕೊರ್ರಾದಿ ಕಥೆಯೇ ಮತ್ತೆ. ಅದಕ್ಕೆ ಎರಾಸ್ಮಸ್‌ನಲ್ಲಿ 'ಲರ್ನಿಂಗ್ ಅಗ್ರಿಮೆಂಟ್' ಎನ್ನುವ ಕಾಗದ ಇದೆ. ಇಡೀ ಯೋಜನೆಯಲ್ಲಿ ನನಗೆ ತುಂಬಾ ಇಷ್ಟವಾಗುವುದು ಇದೇ.

ವಿದ್ಯಾರ್ಥಿ ವಿಮಾನ ಹತ್ತುವ ಮೊದಲು ಮೂರು ಜನ ಸಹಿ ಹಾಕುತ್ತಾರೆ: ವಿದ್ಯಾರ್ಥಿ, ಕಳಿಸುವ ಸಂಸ್ಥೆ, ಸೇರಿಸಿಕೊಳ್ಳುವ ಸಂಸ್ಥೆ. ಅದರಲ್ಲಿ ಎರಡು ಪಟ್ಟಿ. ಅಲ್ಲಿ ಯಾವ ಯಾವ ವಿಷಯ ಓದುತ್ತಾರೆ, ಅದು ಇಲ್ಲಿ ಯಾವ ವಿಷಯದ ಜಾಗಕ್ಕೆ ಬರುತ್ತದೆ. ಪಾಸಾಗಿ ಬಂದರೆ ಒಪ್ಪಿಕೊಳ್ಳುತ್ತೇವೆ ಎಂದು ಕಳಿಸುವ ಸಂಸ್ಥೆ ಮೊದಲೇ ಮಾತು ಕೊಟ್ಟಿರುತ್ತದೆ. ಜಗಳ ಆಗುವುದಿದ್ದರೆ ಹೋಗುವ ಮೊದಲೇ ಆಗಲಿ ಅನ್ನುವುದು ಲೆಕ್ಕಾಚಾರ. ಅಷ್ಟಾದರೂ ಅಲ್ಲಿಗೆ ಹೋದ ಮೇಲೆ ಆ ಕೋರ್ಸ್ ಈ ಸಲ ನಡೆಯುತ್ತಿಲ್ಲ, ಟೈಮ್‌ಟೇಬಲ್ ಹೊಂದುತ್ತಿಲ್ಲ ಅನ್ನುವುದು ಇದ್ದೇ ಇರುತ್ತದೆ. ಆಗ ಪಟ್ಟಿ ತಿದ್ದಿ ಮತ್ತೆ ಮೂರು ಸಹಿ.

ಇದನ್ನು ನಮ್ಮ ಊರಿಗೆ ತಂದು ನೋಡಿ. ಕರ್ನಾಟಕದ ಹೆಚ್ಚಿನ ಪದವಿ ಕಾಲೇಜುಗಳು ಯಾವುದಾದರೂ ವಿಶ್ವವಿದ್ಯಾಲಯದ ಸಂಯೋಜನೆಯಲ್ಲಿರುತ್ತವೆ. ಸಿಲಬಸ್ ಅಧ್ಯಯನ ಮಂಡಳಿಯದು, ಅಂದರೆ ಬಿಒಎಸ್‌ನದು. ಪರೀಕ್ಷೆ ಮೌಲ್ಯಮಾಪನ ಕುಲಸಚಿವರದು. ಕಾಲೇಜಿನ ಪ್ರಿನ್ಸಿಪಾಲರು ಎಷ್ಟು ಒಳ್ಳೆಯ ಮನಸ್ಸಿನಿಂದ ಸಹಿ ಹಾಕಿದರೂ, ಒಂದು ಪೇಪರ್ ಬದಲು ಇನ್ನೊಂದನ್ನು ಒಪ್ಪಿಕೊಳ್ಳುವ ಅಧಿಕಾರ ಅವರಿಗಿಲ್ಲ. ಸ್ವಾಯತ್ತ ಕಾಲೇಜಾದರೆ ಸ್ವಂತ ಸಿಲಬಸ್ ಇರುತ್ತದೆ, ಸ್ವಲ್ಪ ಕೈಕಾಲು ಆಡಿಸಬಹುದು. ಹಾಗಾಗಿ ಫೈಲು ಬೀರುವಿನಲ್ಲಿ ಕೂರುವುದಕ್ಕೆ ಸೋಮಾರಿತನ ಒಂದೇ ಕಾರಣ ಅಲ್ಲ.

75 ಬಂದರೆ 2.25

ಕ್ರೆಡಿಟ್ ಹೇಳುವುದು ಎಷ್ಟು ಓದಿದಿರಿ ಅಂತ. ಹೇಗೆ ಓದಿದಿರಿ ಅನ್ನುವುದು ಮಾರ್ಕ್ಸ್. ಅದನ್ನು ದಾಟಿಸುವುದು ಇನ್ನೂ ಕಷ್ಟ.

ನಮ್ಮಲ್ಲಿ 60 ಬಂದರೆ ಫಸ್ಟ್ ಕ್ಲಾಸ್. ಬ್ರಿಟನ್‌ನಲ್ಲಿ ಫಸ್ಟ್ ಕ್ಲಾಸಿಗೆ 70 ಬೇಕು. ಹಾಗಂತ ಅಲ್ಲಿನ 70 ನಮ್ಮ 70 ಅಲ್ಲ. ಅಲ್ಲಿ 80 ಕೊಡುವುದಕ್ಕೆ ಮೇಷ್ಟ್ರ ಕೈ ನಡುಗುತ್ತದೆ. ಜರ್ಮನಿಯಲ್ಲಂತೂ ಎಲ್ಲಾ ತಿರುಗುಮುರುಗು. ಅತ್ಯುತ್ತಮ ಅಂದರೆ 1.0, ಪಾಸಿನ ಕೊನೆಯ ಮೆಟ್ಟಿಲು 4.0. ನಮ್ಮ ಮಾರ್ಕ್ಸ್ ಅನ್ನು ಅವರ ಅಂಕಕ್ಕೆ ಇಳಿಸಲು ಬವೇರಿಯನ್ ಸೂತ್ರ ಅಂತ ಒಂದಿದೆ. ಗರಿಷ್ಠ ಅಂಕದಿಂದ ನಿಮ್ಮ ಅಂಕ ಕಳೆಯಿರಿ. ಅದನ್ನು ಗರಿಷ್ಠಕ್ಕೂ ಪಾಸ್ ಅಂಕಕ್ಕೂ ಇರುವ ಅಂತರದಿಂದ ಭಾಗಿಸಿ, ಮೂರರಿಂದ ಗುಣಿಸಿ, ಒಂದು ಕೂಡಿಸಿ. 100ಕ್ಕೆ 75 ಬಂದಿದೆ, ಪಾಸಿಗೆ 40 ಬೇಕು ಅಂದರೆ ಉತ್ತರ 2.25. ಇಲ್ಲಿ ಡಿಸ್ಟಿಂಕ್ಷನ್ ಬಂತು ಅಂತ ಪೇಡೆ ಹಂಚಿದವರು ಅಲ್ಲಿ 'ಪರವಾಗಿಲ್ಲ, ಚೆನ್ನಾಗಿದೆ' ಅನ್ನುವ ಸಾಲಿಗೆ ಹೋಗಿ ನಿಲ್ಲುತ್ತಾರೆ. ಇನ್ನೊಂದು ವಿಚಿತ್ರ ಗಮನಿಸಿ. ಪಾಸ್ ಅಂಕ 40ರ ಬದಲು 35 ಇದ್ದರೆ ಅದೇ 75ಕ್ಕೆ 2.15 ಬರುತ್ತದೆ. ಪಾಸಾಗುವುದು ಸುಲಭ ಇದ್ದಷ್ಟೂ ನಿಮ್ಮ ದರ್ಜೆ ಮೇಲೇರುತ್ತದೆ!

ಯುರೋಪಿನೊಳಗೆ ಇದಕ್ಕಿಂತ ನ್ಯಾಯವಾದ ಒಂದು ಉಪಾಯ ಇದೆ. ಪ್ರತಿ ವಿಭಾಗವೂ ಯಾವ ಅಂಕ ನೂರರಲ್ಲಿ ಎಷ್ಟು ಜನಕ್ಕೆ ಬಂದಿದೆ ಎನ್ನುವ ಪಟ್ಟಿ ಕೊಡುತ್ತದೆ. ಅಲ್ಲಿ ಮೇಲಿನ ಹತ್ತು ಜನರಲ್ಲಿ ಒಬ್ಬರಾದರೆ ಇಲ್ಲೂ ಮೇಲಿನ ಹತ್ತರಲ್ಲಿ ಒಬ್ಬರು. ಸಂಖ್ಯೆಗೆ ಸಂಖ್ಯೆ ಹೋಲಿಸುವುದಲ್ಲ, ಜಾಗಕ್ಕೆ ಜಾಗ. ಇಂಥ ಪಟ್ಟಿ ಜೊತೆಗಿಲ್ಲದಿದ್ದಾಗ ಸೂತ್ರವೇ ಗತಿ.

ಸಾಬೀತು ಯಾರು ಮಾಡಬೇಕು?

1997ರಲ್ಲಿ ಪೋರ್ಚುಗಲ್‌ನ ಲಿಸ್ಬನ್‌ನಲ್ಲಿ ಯುನೆಸ್ಕೊ ಮತ್ತು ಕೌನ್ಸಿಲ್ ಆಫ್ ಯುರೋಪ್ ಸೇರಿ ಒಂದು ಒಪ್ಪಂದ ಮಾಡಿದವು. ಅದರ ಹೂರಣ ಇಷ್ಟೇ. ಮೊದಲೆಲ್ಲ 'ನನ್ನ ಪದವಿ ನಿಮ್ಮದಕ್ಕೆ ಸಮ' ಅಂತ ವಿದ್ಯಾರ್ಥಿ ಸಾಬೀತು ಮಾಡಬೇಕಿತ್ತು. ಲಿಸ್ಬನ್ ಅದನ್ನು ತಲೆಕೆಳಗು ಮಾಡಿತು. ಒಪ್ಪುವುದಿಲ್ಲ ಅನ್ನುವವರೇ ದೊಡ್ಡ ವ್ಯತ್ಯಾಸ ಏನಿದೆ ಅಂತ ತೋರಿಸಬೇಕು. ತೋರಿಸಲಾಗದಿದ್ದರೆ ಒಪ್ಪಬೇಕು. ಎರಡು ವರ್ಷದ ಮೇಲೆ, 1999ರ ಜೂನ್‌ನಲ್ಲಿ, ಇಟಲಿಯ ಬೊಲೊನ್ಯಾದಲ್ಲಿ 29 ದೇಶಗಳ ಮಂತ್ರಿಗಳು ಕೂತು ತಮ್ಮ ಪದವಿಗಳನ್ನು ಹೋಲಿಸಲು ಬರುವಂತೆ ಜೋಡಿಸಿಕೊಳ್ಳುತ್ತೇವೆ ಎಂದು ಸಹಿ ಹಾಕಿದರು. ಇಡೀ ಜಗತ್ತಿಗೆ ಅನ್ವಯಿಸುವ ಇಂಥದ್ದೇ ಯುನೆಸ್ಕೊ ಒಪ್ಪಂದ 2019ರಲ್ಲಿ ಅಂಗೀಕಾರವಾಗಿ 2023ರ ಮಾರ್ಚ್‌ನಿಂದ ಜಾರಿಯಲ್ಲಿದೆ.

ನಮ್ಮವರಿಗೆ ಈ ಕೌಂಟರ್ ಅನುಭವ ಆಗಿದ್ದು ಬ್ರಿಟನ್ನಿನ ಒಂದು ವರ್ಷದ ಮಾಸ್ಟರ್ಸ್ ವಿಷಯದಲ್ಲಿ. ಇಲ್ಲಿ ಎಂ.ಎ., ಎಂ.ಎಸ್ಸಿ. ಅಂದರೆ ಎರಡು ವರ್ಷ. ಅಲ್ಲಿ ಒಂದೇ. ಸಾಲ ಮಾಡಿ, ದುಬಾರಿ ಫೀಸು ಕಟ್ಟಿ, ಓದಿ ಬಂದವರಿಗೆ ಇಲ್ಲಿ ಪಿಎಚ್‌ಡಿ ಸೇರುವಾಗಲೋ ಸರ್ಕಾರಿ ಕೆಲಸಕ್ಕೆ ಅರ್ಜಿ ಹಾಕುವಾಗಲೋ 'ಇದು ನಮ್ಮ ಸ್ನಾತಕೋತ್ತರ ಪದವಿಗೆ ಸಮ ಅಲ್ಲ' ಅನ್ನುವ ಉತ್ತರ ಎದುರಾಗುತ್ತಿತ್ತು. 2022ರ ಜುಲೈನಲ್ಲಿ ಎರಡೂ ದೇಶಗಳು ಪರಸ್ಪರ ಪದವಿ ಒಪ್ಪಿಕೊಳ್ಳುವ ಒಡಂಬಡಿಕೆಗೆ ಸಹಿ ಹಾಕಿದ ಮೇಲೆ ಇದು ಬಗೆಹರಿಯಿತು. ಮೆಡಿಕಲ್, ಎಂಜಿನಿಯರಿಂಗ್, ಕಾನೂನು, ಫಾರ್ಮಸಿ, ವಾಸ್ತುಶಿಲ್ಪದಂಥ ವೃತ್ತಿಪರ ಪದವಿಗಳು ಮಾತ್ರ ಅದರ ಹೊರಗೆ ಉಳಿದವು. ಆಸ್ಟ್ರೇಲಿಯಾ ಜೊತೆ ಇಂಥದ್ದೇ ವ್ಯವಸ್ಥೆ 2023ರ ಮಾರ್ಚ್‌ನಲ್ಲಿ ಆಯಿತು.

ವಿದೇಶಿ ಪದವಿಗೆ ಸಮಾನತೆಯ ಪತ್ರ ಕೊಡುವ ಕೆಲಸ ಬಹಳ ಕಾಲ ಭಾರತೀಯ ವಿಶ್ವವಿದ್ಯಾಲಯಗಳ ಸಂಘದ್ದಾಗಿತ್ತು. 2025ರಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂದರೆ ಯುಜಿಸಿ, ಇದಕ್ಕೆ ತನ್ನದೇ ನಿಯಮ ತಂದಿದೆ. ಅದರಲ್ಲಿ ಒಂದು ಮಾತು ಪೋಷಕರು ನೆನಪಿಡಬೇಕು. ಫ್ರಾಂಚೈಸಿ ಮೂಲಕ, ಅಂದರೆ ವಿದೇಶಿ ಸಂಸ್ಥೆಯ ಹೆಸರಿನಲ್ಲಿ ಬೇರೆಯವರು ನಡೆಸುವ ಕೋರ್ಸಿನಿಂದ, ಪಡೆದ ವಿದೇಶಿ ಪದವಿಗೆ ಮಾನ್ಯತೆ ಇಲ್ಲ. 'ಇಲ್ಲೇ ಕೂತು ವಿದೇಶಿ ಡಿಗ್ರಿ ಪಡೆಯಿರಿ' ಎಂಬ ಜಾಹೀರಾತು ಕಂಡರೆ ಸುಮ್ನೆ ಫೀಸು ಕಟ್ಟಬೇಡಿ. ಪದವಿ ಕೊಡುವವರು ಯಾರು, ಯುಜಿಸಿ ಒಪ್ಪಿದೆಯಾ ಅಂತ ಬರಹದಲ್ಲಿ ಕೇಳಿ.

ಅರ್ಧ ಇಲ್ಲಿ, ಅರ್ಧ ಅಲ್ಲಿ

ಒಂದೇ ಪದವಿಯನ್ನು ಎರಡು ದೇಶಗಳಲ್ಲಿ ಓದುವುದು ಕರ್ನಾಟಕಕ್ಕೆ ಹೊಸದಲ್ಲ. ಮಣಿಪಾಲದಲ್ಲಿ 1994ರಲ್ಲೇ ಎಂಜಿನಿಯರಿಂಗ್‌ನ ಮೊದಲ ಎರಡು ವರ್ಷ ಅಲ್ಲಿ ಓದಿ, ಉಳಿದದ್ದನ್ನು ಅಮೆರಿಕದಂಥ ದೇಶಗಳಲ್ಲಿ ಮುಗಿಸುವ ಕೋರ್ಸ್ ಶುರುವಾಗಿತ್ತು. 1997ರಲ್ಲಿ ಬಂದ ಮಲಾಕಾ ಮಣಿಪಾಲ ಮೆಡಿಕಲ್ ಕಾಲೇಜು ಇನ್ನೂ ಸ್ವಾರಸ್ಯ. ಮಲೇಷ್ಯಾದ ಹುಡುಗ ಹುಡುಗಿಯರು ಎಂಬಿಬಿಎಸ್‌ನ ಮೊದಲ ಎರಡೂವರೆ ವರ್ಷ ಮಣಿಪಾಲದಲ್ಲಿ ಓದಿ, ಗೋಳಿಬಜೆ ರುಚಿ ಹತ್ತುವ ಹೊತ್ತಿಗೆ ಮಲಾಕಾಗೆ ವಾಪಸ್ ಹೋಗಿ ಉಳಿದ ಎರಡೂವರೆ ವರ್ಷ ಆಸ್ಪತ್ರೆಯಲ್ಲಿ ಕಲಿಯುತ್ತಿದ್ದರು. ಅಲ್ಲಿ ಒಂದೇ ಸಂಸ್ಥೆಯ ಎರಡು ಕೈ ಇದ್ದುದರಿಂದ ಕೌಂಟರ್ ಜಗಳವೇ ಇರಲಿಲ್ಲ.

ಬೇರೆ ಬೇರೆ ಸಂಸ್ಥೆಗಳು ಹೀಗೆ ಕೈಜೋಡಿಸಲು 2022ರ ಮೇನಲ್ಲಿ ಯುಜಿಸಿ ನಿಯಮ ತಂದಿತು. ಮೂರು ಬಗೆ ಇವೆ, ಹೆಸರು ಕೇಳಿದರೆ ಗೊಂದಲ ಆಗುತ್ತದೆ. ಟ್ವಿನ್ನಿಂಗ್ ಅಂದರೆ ಪದವಿ ನಮ್ಮ ಸಂಸ್ಥೆಯದೇ. ಒಟ್ಟು ಕ್ರೆಡಿಟ್‌ನಲ್ಲಿ ಶೇ 30ರವರೆಗೆ ಹೊರದೇಶದಲ್ಲಿ ಓದಬಹುದು. ನಾಲ್ಕು ವರ್ಷದ 160 ಕ್ರೆಡಿಟ್‌ನಲ್ಲಿ ಅದು 48, ಅಂದರೆ ಒಂದು ವರ್ಷಕ್ಕಿಂತ ಸ್ವಲ್ಪ ಜಾಸ್ತಿ. ಜಾಯಿಂಟ್ ಡಿಗ್ರಿಯಲ್ಲಿ ಎರಡೂ ಕಡೆ ಕನಿಷ್ಠ ಶೇ 30 ಓದಬೇಕು, ಎರಡೂ ಲಾಂಛನ ಇರುವ ಒಂದೇ ಪ್ರಮಾಣಪತ್ರ ಬರುತ್ತದೆ. ಡ್ಯುಯಲ್ ಡಿಗ್ರಿಯಲ್ಲಿ ಇಬ್ಬರೂ ತಂತಮ್ಮ ಪದವಿ ಬೇರೆ ಬೇರೆ ಕೊಡುತ್ತಾರೆ, ಆದರೆ ಇಲ್ಲಿ ಕನಿಷ್ಠ ಶೇ 30 ಓದಿರಬೇಕು. ಆನ್‌ಲೈನ್ ಮತ್ತು ದೂರಶಿಕ್ಷಣಕ್ಕೆ ಇದ್ಯಾವುದೂ ಅನ್ವಯಿಸುವುದಿಲ್ಲ.

ಎಲ್ಲರೂ ಕೈಜೋಡಿಸುವ ಹಾಗಿಲ್ಲ. ಇಲ್ಲಿನ ಸಂಸ್ಥೆಗೆ ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್‌ನಲ್ಲಿ ಕನಿಷ್ಠ 3.01 ಅಂಕ ಬೇಕು, ಇಲ್ಲವೇ ರಾಷ್ಟ್ರೀಯ ರ‍್ಯಾಂಕಿಂಗ್‌ನ ಮೊದಲ ನೂರು ವಿಶ್ವವಿದ್ಯಾಲಯಗಳಲ್ಲಿರಬೇಕು, ಇಲ್ಲವೇ ಕೇಂದ್ರದ ಶ್ರೇಷ್ಠ ಸಂಸ್ಥೆಗಳ ಪಟ್ಟಿಯಲ್ಲಿರಬೇಕು. ಅಲ್ಲಿನದು ಜಾಗತಿಕ ರ‍್ಯಾಂಕಿಂಗ್‌ನ ಮೊದಲ ಸಾವಿರದಲ್ಲಿರಬೇಕು. ನಿಯಮ ಅರ್ಥವಾಗುತ್ತದೆ, ಬೋಗಸ್ ತಡೆಯಬೇಕಲ್ಲ. ಆದರೆ ಇದರಿಂದ ಆಗುವುದೇನು? ಹೊರಗಿನ ಗಾಳಿ ಈಗಾಗಲೇ ಬೀಸುತ್ತಿರುವ ದೊಡ್ಡ ಸಂಸ್ಥೆಗಳಿಗೆ ಇನ್ನೊಂದು ಕಿಟಕಿ. ತಾಲ್ಲೂಕಿನ ಸರ್ಕಾರಿ ಪದವಿ ಕಾಲೇಜಿಗೆ ಬಾಗಿಲೂ ಇಲ್ಲ, ಕಿಟಕಿಯೂ ಇಲ್ಲ.

ಈಗ ವಿದೇಶಿ ವಿಶ್ವವಿದ್ಯಾಲಯಗಳೇ ಇಲ್ಲಿಗೆ ಬರುತ್ತಿವೆ. ಗುಜರಾತಿನ ಗಿಫ್ಟ್ ಸಿಟಿಯಲ್ಲಿ ಆಸ್ಟ್ರೇಲಿಯಾದ ಡೀಕಿನ್, ವೊಲೊಂಗಾಂಗ್. ಗುರುಗ್ರಾಮದಲ್ಲಿ ಬ್ರಿಟನ್ನಿನ ಸೌತಾಂಪ್ಟನ್, 2025ರಲ್ಲಿ ಕ್ಲಾಸು ಶುರು ಮಾಡಿತು. ಬೆಂಗಳೂರಿಗೆ ಲಿವರ್‌ಪೂಲ್ ವಿಶ್ವವಿದ್ಯಾಲಯ ಬರಲು 2025ರ ಮೇನಲ್ಲಿ ಯುಜಿಸಿ ಒಪ್ಪಿಗೆಯ ಪತ್ರ ಕೊಟ್ಟಿತು. ವೀಸಾ ಇಲ್ಲ, ಚಳಿ ಇಲ್ಲ, ಅಮ್ಮನ ಅಡುಗೆ ಬಿಟ್ಟು ಹೋಗಬೇಕಿಲ್ಲ. ಪದವಿ ಮೂಲ ವಿಶ್ವವಿದ್ಯಾಲಯದ್ದೇ. ಅನುಕೂಲ ಅಲ್ವಾ? ಹೌದು. ಆದರೆ ಇದನ್ನು ಅಂತಾರಾಷ್ಟ್ರೀಯ ಶಿಕ್ಷಣ ಅನ್ನಲು ನನಗೆ ಸ್ವಲ್ಪ ಹಿಂಜರಿಕೆ. ಕ್ಲಾಸಿನಲ್ಲಿರುವವರೆಲ್ಲ ಬೆಂಗಳೂರಿನವರೇ ಆದರೆ ಸರ್ಟಿಫಿಕೇಟ್ ಮಾತ್ರ ಸಮುದ್ರ ದಾಟಿ ಬಂದಂತೆ.

ಹೋಗದೆ ಉಳಿದವರು

2024ರಲ್ಲಿ ಹೊರದೇಶಗಳಲ್ಲಿ ಓದುತ್ತಿದ್ದ ಭಾರತೀಯರು 13 ಲಕ್ಷಕ್ಕೂ ಹೆಚ್ಚು. ದೊಡ್ಡ ಸಂಖ್ಯೆಯೇ. ಆದರೆ ದೇಶದ ಕಾಲೇಜುಗಳಲ್ಲಿ ಇರುವವರು 4 ಕೋಟಿಗೂ ಮೇಲೆ. ಯುರೋಪಿನಲ್ಲಿ ಇಷ್ಟೆಲ್ಲಾ ಏರ್ಪಾಡು ಇದ್ದೂ, 2020ರ ಹೊತ್ತಿಗೆ ಪದವೀಧರರಲ್ಲಿ ಶೇ 20 ಜನ ಹೊರದೇಶದ ಓದು ಕಂಡಿರಬೇಕು ಅಂತ ಇಟ್ಟುಕೊಂಡ ಗುರಿ ಮುಟ್ಟಲಾಗಲಿಲ್ಲ. ಗುರಿ ಮುಟ್ಟಿದ್ದರೂ ಐವರಲ್ಲಿ ನಾಲ್ವರು ಮನೆಯಲ್ಲೇ. ಅವರಿಗೆ ಏನು?

ಈ ಪ್ರಶ್ನೆ ಗಟ್ಟಿಯಾಗಿ ಕೇಳಿದ್ದು ಸ್ವೀಡನ್ನಿನ ಮಾಲ್ಮೊ. ಅಲ್ಲಿ 1998ರಲ್ಲಿ ಹೊಸ ವಿಶ್ವವಿದ್ಯಾಲಯ ಶುರುವಾಯಿತು. ಹೊಸದಾದ್ದರಿಂದ ವಿದೇಶಿ ನಂಟು ಏನೂ ಇರಲಿಲ್ಲ, ವಿನಿಮಯಕ್ಕೆ ಕಳಿಸೋಣ ಅಂದರೆ ಜೊತೆಗಾರರೇ ಇಲ್ಲ. ಅಂತಾರಾಷ್ಟ್ರೀಯ ವ್ಯವಹಾರ ನೋಡಿಕೊಳ್ಳುತ್ತಿದ್ದ ಬೆಂಗ್ಟ್ ನಿಲ್ಸನ್ ಕಿಟಕಿಯಿಂದ ಹೊರಗೆ ನೋಡಿದರು ಅನ್ನಿ. ಮಾಲ್ಮೊ ವಲಸಿಗರ ಊರು. ನಾನಾ ದೇಶದವರು ಅಲ್ಲೇ ಇದ್ದಾರೆ. ಹೊರಗೆ ಹೋಗದವರಿಗೂ ಊರಿನಲ್ಲೇ ಜಗತ್ತನ್ನು ಕಲಿಸೋಣ ಎಂದು 1999ರಲ್ಲಿ ಅವರು ಕೊಟ್ಟ ಹೆಸರು 'ಮನೆಯಲ್ಲೇ ಅಂತಾರಾಷ್ಟ್ರೀಕರಣ'.

ಇದರ ಇನ್ನೊಂದು ರೂಪ ಹುಟ್ಟಿದ್ದು ನ್ಯೂಯಾರ್ಕ್ ರಾಜ್ಯ ವಿಶ್ವವಿದ್ಯಾಲಯದಲ್ಲಿ. ಜಾನ್ ರೂಬಿನ್ ಎನ್ನುವ ಸಿನಿಮಾ ಮೇಷ್ಟ್ರು ತಮ್ಮ ವಿದ್ಯಾರ್ಥಿಗಳು ಬೇರೆ ದೇಶದ ವಿದ್ಯಾರ್ಥಿಗಳ ಜೊತೆ ಇಂಟರ್ನೆಟ್ ಮೂಲಕ ವಿಡಿಯೊ ಮಾಡುವ ಪಾಠ ನಡೆಸುತ್ತಿದ್ದರು. ಅದು ಬೆಳೆದು 2006ರಲ್ಲಿ ಒಂದು ಕೇಂದ್ರವಾಯಿತು. ಕಾಯಿಲ್ ಅಂತ ಕರೆಯುತ್ತಾರೆ. ಇದು ಆನ್‌ಲೈನ್ ಕೋರ್ಸ್ ಅಲ್ಲ. ಎರಡು ದೇಶದ ಇಬ್ಬರು ಮೇಷ್ಟ್ರು ಮಾತಾಡಿಕೊಂಡು, ಈಗಾಗಲೇ ನಡೆಯುತ್ತಿರುವ ತಮ್ಮ ತಮ್ಮ ಪೇಪರ್‌ನ ಐದಾರು ವಾರದ ಭಾಗವನ್ನು ಒಟ್ಟಿಗೆ ಮಾಡುತ್ತಾರೆ. ಮೊದಲ ವಾರ ಪರಿಚಯ. ಆಮೇಲೆ ಎರಡೂ ಕಡೆಯವರು ಬೆರೆತ ಸಣ್ಣ ಗುಂಪುಗಳು, ಒಂದು ಕೆಲಸ. ಕೊನೆಗೆ ಏನು ಕಲಿತೆವು, ಎಲ್ಲಿ ಒಬ್ಬರಿಗೊಬ್ಬರು ಅರ್ಥವಾಗಲಿಲ್ಲ ಅಂತ ಮಾತುಕತೆ.

ಗಮನಿಸಿ, ಇಲ್ಲಿ ಕ್ರೆಡಿಟ್ ದಾಟಿಸುವ ಪ್ರಶ್ನೆಯೇ ಬರುವುದಿಲ್ಲ. ನಿಮ್ಮ ವಿದ್ಯಾರ್ಥಿಗಳಿಗೆ ನೀವು ಅಂಕ ಕೊಡಿ, ನಮ್ಮವರಿಗೆ ನಾವು. ಕೊರ್ರಾದಿ ನಿಂತ ಕೌಂಟರ್‌ಗೆ ಹೋಗದೆ ಪಕ್ಕದಿಂದಲೇ ದಾಟಿ ಹೋದ ಹಾಗೆ. ಬಿಒಎಸ್ ಸಭೆ ಬೇಡ, ರ‍್ಯಾಂಕಿಂಗ್ ಬೇಡ. ಸಂಯೋಜಿತ ಕಾಲೇಜಿನ ಮೇಷ್ಟ್ರು ಕೂಡ ಇಂಟರ್ನಲ್ ಅಸೈನ್‌ಮೆಂಟ್‌ನ ಜಾಗದಲ್ಲಿ ಇದನ್ನು ಮಾಡಿಸಬಹುದು. ಕಷ್ಟ ಇರುವುದು ಗಡಿಯಾರದಲ್ಲಿ. ಇಲ್ಲಿ ಸಂಜೆ ಏಳಾದರೆ ನ್ಯೂಯಾರ್ಕಿನಲ್ಲಿ ಬೆಳಗ್ಗೆ, ಅವರಿಗೆ ಕಾಫಿ ಹೊತ್ತು, ನಮ್ಮವರಿಗೆ ಕೊನೆಯ ಬಸ್ಸಿನ ಚಿಂತೆ. ಇಂಗ್ಲಿಷ್‌ನ ಅಂಜಿಕೆ ಬೇರೆ. ಆ ಅಂಜಿಕೆ ಇಂಡೊನೇಷ್ಯಾದವರಿಗೂ ಇರುತ್ತದೆ, ಜಪಾನಿನವರಿಗೂ ಇರುತ್ತದೆ. ಜೊತೆಗಾರರು ಅಮೆರಿಕದವರೇ ಆಗಬೇಕು ಅಂತ ಎಲ್ಲೂ ಬರೆದಿಲ್ಲ.

ಹಾಗೆ ನೋಡಿದರೆ ಕೆಲವು ಕಡೆ ಇಂಟರ್ನೆಟ್ಟೂ ಬೇಕಿಲ್ಲ. ಕೇಂದ್ರ ಸರ್ಕಾರದ 2019-20ರ ಉನ್ನತ ಶಿಕ್ಷಣ ಸಮೀಕ್ಷೆಯಲ್ಲಿ ದೇಶದಲ್ಲಿದ್ದ ವಿದೇಶಿ ವಿದ್ಯಾರ್ಥಿಗಳು 49,348. ಅವರಲ್ಲಿ 10,231 ಜನ ಕರ್ನಾಟಕದಲ್ಲಿದ್ದರು, ಬೇರೆಲ್ಲ ರಾಜ್ಯಗಳಿಗಿಂತ ಹೆಚ್ಚು. ದೇಶದ ಲೆಕ್ಕದಲ್ಲಿ ನೇಪಾಳದವರೇ ಮೊದಲು, ಆಮೇಲೆ ಅಫ್ಗಾನಿಸ್ತಾನ, ಬಾಂಗ್ಲಾದೇಶ, ಭೂತಾನ್, ಸುಡಾನ್. ಬೆಂಗಳೂರು, ಮೈಸೂರಿನ ಎಷ್ಟೋ ಕ್ಲಾಸುಗಳಲ್ಲಿ ಅವರು ಹಿಂದಿನ ಬೆಂಚಿನಲ್ಲಿ ತಮ್ಮವರ ಜೊತೆ ಕೂತು, ಮೂರು ವರ್ಷ ಮುಗಿಸಿ, ಹೊರಟು ಹೋಗುತ್ತಾರೆ. ರಾಜ್ಯಶಾಸ್ತ್ರದ ಕ್ಲಾಸಿನಲ್ಲಿ ನೇಪಾಳದ ಸಂವಿಧಾನದ ಪಾಠ ಬಂದಾಗಲೂ ಮೇಷ್ಟ್ರು ನೋಟ್ಸ್ ಓದುತ್ತಾರೆ. ಕಠ್ಮಂಡುವಿನ ಹುಡುಗ ಬರೆದುಕೊಳ್ಳುತ್ತಾನೆ.